ಹೆಲ್ಗಾಳ ಮಾತು, ಕಾಕಾನ ಕನ್ನಡ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವೂ ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದಿ. ಇವತ್ತು ಬೆಳಿಗ್ಗೆ ಹಳಿಯಾಳದ ನಮ್ಮ ಅಡಿಗೆಮನೆಯಲ್ಲಿ ನಳ ಸುರಿಯುವ ಸದ್ದು ಕೇಳಿ, ಕಾಕಾ ಏನೋ ಮುಖ್ಯವಾದದ್ದು ಹೇಳುತ್ತಿದ್ದಾರೆ ಅಂದುಕೊಂಡೆ. ಹೋಗಿ ನೋಡಿದರೆ ಕಾಕು ಅಕ್ಕಿ ತೊಳೆಯುತ್ತಿದ್ದಳು.

ಕಾಕಾ ಪ್ರಾಯದಲ್ಲಿ ಜರ್ಮನ್ ಸಾಹಿತ್ಯ ಓದಲು ಪೂರ್ವ ಜರ್ಮನಿಗೆ ಹೋಗಿದ್ದರು, ಅಲ್ಲಿ ಕಮ್ಯುನಿಸ್ಟ್ ಸರ್ಕಾರವಿದ್ದ ಕಾಲದಲ್ಲಿ. ಕದ್ದು ಕೇಳುವವರಿಗೆ ಮಾತು ಕೇಳಿಸದಿರಲೆಂದು ನಳ ಸುರಿಯಬಿಟ್ಟು ಮಾತಾಡುವುದನ್ನು ಅಲ್ಲಿಂದ ಕಲಿತು ಬಂದರು. ಹೊಲದ ಮಾತಿರಲಿ, ನನ್ನ ಮದುವೆಯ ಮಾತಿರಲಿ, ಮೊದಲು ನಳ. "ನೀರು ವಾರಕ್ಕೊಮ್ಮೆ ಬರ್ತಾವ, ನಿಮ್ಮ ಕಾಕಾಗ ಮಾತಾಡಾಕ ನಳ ಬೇಕು! ಹಳಿಯಾಳದಾಗ ಇವರ ಮಾತು ಕೇಳಾಕ ಯಾಂವ ಕುಂತಾನ? ನಾನಽ ಕೇಳಂಗಿಲ್ಲ," ಎಂದು ಕಾಕು ರೇಗುತ್ತಿದ್ದಳು. ನಾವು ನಗುತ್ತಿದ್ದೆವು. ಹೆದರಿದವರ ರೂಢಿ ಅದು ಎಂದು ತಿಳಿದಿದ್ದೆ. ಸರ್ಕಾರಕ್ಕೆ ಗುಟ್ಟಾಗಿ ಸುದ್ದಿ ಮುಟ್ಟಿಸುವವನಿಗೂ ಆ ರೂಢಿ ಇರಬಹುದೆಂದು ಹೊಳೆಯಲು ಹೆಲ್ಗಾ ಬರಬೇಕಾಯಿತು.

ಹೆಲ್ಗಾ ಕಾಕಾನ ಸಹಪಾಠಿ. ಹೋದ ಚಳಿಗಾಲ ಮುಂಡಗೋಡದ ಟಿಬೆಟನ್ ಕಾಲೊನಿ ನೋಡಲು ಬಂದವಳು ನಮ್ಮಲ್ಲಿಗೂ ಬಂದಳು. ಕಾಕಾ ಚಹಾ ತರಲು ಒಳಹೋದಾಗ ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಸರ್ಕಾರಕ್ಕೆ ಆಗದ ಕವಿತೆಗಳನ್ನು ತನ್ನ ಕೋಣೆಯಲ್ಲಿ ಗೆಳೆಯರಿಗೆ ಓದಿದ್ದಕ್ಕೆ ಅವಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದ್ದರಂತೆ. "ಕೇಳಲು ಕೂತವರು ನಾಲ್ಕೇ ಜನ," ಎಂದಳು. ಅವರಲ್ಲಿ ಕಾಕಾ ಒಬ್ಬರು.

ಹೊರಡುವಾಗ ಕಾಕು ಅವಳ ಉಡಿ ತುಂಬಲು ನಿಂತಳು. ಪ್ಯಾಂಟು ತೊಟ್ಟವಳಿಗೆ ಸೆರಗೆಲ್ಲಿ? ಕಾಕು ತನ್ನ ಶಾಲು ಹೊದಿಸಿ, ಅದರ ಅಂಚನ್ನೇ ಸೆರಗು ಮಾಡಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿದಳು. "ಮನಿ ಮಗಳನ್ನ ಬರಿಗೈಲೆ ಕಳಸೂದಿಲ್ಲ ಅಂತ ಹೇಳ್ರಿ."

ಕಾಕಾ ಜರ್ಮನ್‌ನಲ್ಲಿ ಹೇಳಿದರು. ಹೆಲ್ಗಾ ಅವರ ಮುಖವನ್ನೇ ನೋಡುತ್ತ ಏನೋ ಅಂದಳು. ಉದ್ದವಾದ ಮಾತು. ನೆನಪಿನಲ್ಲಿ ಇನ್ನಷ್ಟು ಉದ್ದವಾಗಿದೆಯೋ ಏನೋ.

"ಏನಂದ್ಳರೀ?" ಎಂದಳು ಕಾಕು.

"ಭಾಳ ಚಲೋ ಆತು ಅಂತಾಳ."

"ಅಷ್ಟುದ್ದ ಮಾತಿಗೆ ಇಷ್ಟಽ ಏನು? ಅರ್ಧಾ ನೀವಽ ನುಂಗಿದ್ರಿ!"

ಕಾಕಾ ನಗಲಿಲ್ಲ. ಹೆಲ್ಗಾಳತ್ತ ಕೈ ಚಾಚಿದರು. ಅವಳು ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು; ಬಿಡಲಿಲ್ಲ. ಹಾಗೆಯೇ ಹೋಗಿ ಕಾರಿನಲ್ಲಿ ಕೂತಳು. ಕಾಯಿ ಬಿದ್ದೀತೆಂಬ ಭಯಕ್ಕೇ ಇರಬಹುದು. ಅನುಮಾನ ಪಡುವುದು ನನ್ನದೇ ಕೆಟ್ಟ ಗುಣವೂ ಇರಬಹುದು.

ಆದರೆ ನನಗೆ ಕವಿತೆ ಓದಲು ಕಲಿಸಿದವರು ಇದೇ ಕಾಕಾ. ಈಗ ಅವರು ಒಂದು ಸಾಲು ಅಂದರೂ ನಾನು ಸಾಲು ಬಿಟ್ಟು ಅವರ ಮುಖ ನೋಡುತ್ತೇನೆ. ಹೀಗೆ ಎಷ್ಟು ದಿನ? ಇವತ್ತು ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದ ಅವರ ಪಕ್ಕ ಕೂತು ಕೇಳಿಯೇಬಿಟ್ಟೆ. ಅವರು ಕಾಳಿನಲ್ಲಿ ಕೈಯಾಡಿಸುತ್ತಲೇ ಇದ್ದರು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಹೆಲ್ಗಾನ ಸುದ್ದಿ ಮುಟ್ಟಿಸಿದವ್ರು ನೀವೇನ್ರೀ?"