ಮಗ್ಗುಲು ಹೊರಳಿಸಲು ಇಬ್ಬರು

ಮಂಗಳವಾರ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಸವರಮ್ಮ ಚನ್ನಪಟ್ಟಣದಿಂದ ದೊಡ್ಡಮಳೂರಿಗೆ ಹೊರಟಾಗ ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಗಿಲ್ಲ, ಕವರಿಲ್ಲ, ಮೊಬೈಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿದ ಆಧಾರ್ ಕಾರ್ಡು ಮಾತ್ರ ಇರುತ್ತದೆ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಅದೊಂದು ಸೇರಿಕೊಂಡಿದೆ.

"ದಾರಿಗೆ ಚೀಲ ಬ್ಯಾಡ, ಬುತ್ತಿ ಬ್ಯಾಡ, ಎರಡು ಅಂಗಿ ಬ್ಯಾಡ ಅಂದವ್ನೆ ನಮ್ಮ ಯೇಸುಸ್ವಾಮಿ. ಆಧಾರ್ ಕಾರ್ಡ್ ಬ್ಯಾಡ ಅಂತ ಎಲ್ಲೂ ಅಂದಿಲ್ಲ" ಎನ್ನುತ್ತಾಳೆ ಕಂಡಕ್ಟರಿಗೆ.

ಅರವತ್ತೆರಡು ವರ್ಷದ ಸವರಮ್ಮನ ಕೆಲಸ ಹಾಸಿಗೆ ಹಿಡಿದ ಮುದುಕಿಯರ ಮೈ ತೊಳೆಯುವುದು. ವಾರಕ್ಕೆ ಐದು ಮನೆ. ಯಾವ ಮನೆಗೆ ಹೋದರೂ ಆ ಮನೆಯ ನೀರು, ಆ ಮನೆಯ ಸೋಪು, ಆ ಮನೆಯ ಹಳೇ ಪಂಚೆ. ಹೊಸ್ತಿಲಲ್ಲಿ ನಿಂತು "ಈ ಮನೆಗೆ ಒಳ್ಳೇದಾಗ್ಲಿ" ಎಂದು ಒಳಗೆ ಹೋಗುತ್ತಾಳೆ. ಕೊಟ್ಟರೆ ಕಾಫಿ ಕುಡಿಯುತ್ತಾಳೆ, ಕೊಡದಿದ್ದರೆ ಮುಂದಿನ ಬಸ್ಸು ಹಿಡಿಯುತ್ತಾಳೆ. ಇದಕ್ಕೆ ಯಾರೂ ಅವಳನ್ನು ನೇಮಿಸಿಲ್ಲ. ಕೇಳಿದರೆ, "ಕಳ್ಸಿರೋನು ಕಳ್ಸವ್ನೆ, ಹೋಗ್ತಿವ್ನಿ" ಎನ್ನುತ್ತಾಳೆ. ಅಷ್ಟೇ ಅವಳ ಧರ್ಮಶಾಸ್ತ್ರ.

ಕನಕಪುರದ ಆಚೆಗಿನ ಹಾರೋಬೆಲೆಯಲ್ಲಿ ಹುಟ್ಟಿ, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಇನ್ನಾಸಪ್ಪನ ಕೈ ಹಿಡಿದವಳು. ಮದುವೆಯಾದ ವರ್ಷವೇ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಇಪ್ಪತ್ತೆರಡು ವರ್ಷ ಅವಳ ಬೆರಳ ತುದಿಗಳು ಬೆಂದವು. ಈಗ ಎಷ್ಟು ಬಿಸಿ ನೀರಿಗೂ ಅವು ಹೆದರುವುದಿಲ್ಲ. ಹಾಗಾಗಿ ಮುದುಕಿಯರಿಗೆ ನೀರಿನ ಹದ ನೋಡುವಾಗ ಬೆರಳನ್ನು ನಂಬದೆ ಮೊಣಕೈ ಅದ್ದಿ ನೋಡುತ್ತಾಳೆ.

ಆ ನೂಲಿನ ಕೆಲಸದಲ್ಲಿ ಅವಳ ಪಕ್ಕದ ತೊಟ್ಟಿಯವಳು ದಿಲ್ಶಾದ್. ಇಬ್ಬರ ಮನೆಯಲ್ಲೂ ಅತ್ತೆಯರು ಒಂದೇ ವರ್ಷದಲ್ಲಿ ಹಾಸಿಗೆ ಹಿಡಿದರು. ಇಬ್ಬರ ಗಂಡಂದಿರೂ ತಾಯಿಯ ಬಗ್ಗೆ ಕಣ್ಣೀರು ತುಂಬಿ ಮಾತಾಡುತ್ತಿದ್ದರು, ಇಬ್ಬರೂ ಬಟ್ಟೆ ಬದಲಿಸುವ ಹೊತ್ತಿಗೆ ಹೊರಗೆ ಹೋಗುತ್ತಿದ್ದರು. ಮಲಗಿದವರನ್ನು ಒಬ್ಬಳೇ ತೊಳೆಯುವುದು ಆಗದ ಕೆಲಸ. ಮಗ್ಗುಲಿಗೆ ಹೊರಳಿಸಿ ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಬೆನ್ನು ತೊಳೆಯಬೇಕು. ಇಲ್ಲದಿದ್ದರೆ ಮುದುಕಿ ವಾಪಸ್ಸು ಉರುಳುತ್ತಾಳೆ, ಇಲ್ಲವೇ ಸೊಸೆಯ ಸೊಂಟ ಹೋಗುತ್ತದೆ. ಸವರಮ್ಮನ ಸೊಂಟ ಹೋದ ವಾರ ದಿಲ್ಶಾದ್ ಬಂದು ಹಿಡಿದುಕೊಂಡಳು. ಮರುದಿನ ಸವರಮ್ಮ ದಿಲ್ಶಾದಳ ಮನೆಗೆ ಹೋದಳು. ಆರು ವರ್ಷ ಹೀಗೇ ನಡೆಯಿತು.

ಆ ಕಾಲದಲ್ಲೇ ಒಂದು ಭಾನುವಾರ ಚರ್ಚಿನಲ್ಲಿ ಸುವಾರ್ತೆ ಓದಿದರು: ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದನು. ಉಪದೇಶದಲ್ಲಿ ಗುರುಗಳು ಏನೇನೋ ಅರ್ಥ ಹೇಳಿದರು. ಹಿಂದಿನ ಸಾಲಿನಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಕೂತಿದ್ದ ಸವರಮ್ಮನಿಗೆ ಒಂದೇ ಅರ್ಥ ಹೊಳೆಯಿತು. ಒಬ್ಬರ ಕೈಲಿ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಅತ್ತೆಯಂದಿರು ತೀರಿಕೊಂಡ ಮೇಲೂ ಇಬ್ಬರೂ ನಿಲ್ಲಿಸಲಿಲ್ಲ. ಅದೇ ಬೀದಿಯಲ್ಲಿ ಇನ್ನೊಬ್ಬ ಮುದುಕಿ ಹಾಸಿಗೆ ಹಿಡಿದಿದ್ದಳು, ಅವಳಿಗೂ ಒಬ್ಬಳು ಸೊಸೆಯಿದ್ದಳು. ಈಗ ದಿಲ್ಶಾದಳ ಮಂಡಿ ಸವೆದಿದೆ. ಆದ್ದರಿಂದ ಆಯಾ ಮನೆಯ ಸೊಸೆಯೇ ಹಿಡಿದುಕೊಳ್ಳುತ್ತಾಳೆ, ಸವರಮ್ಮ ತೊಳೆಯುತ್ತಾಳೆ.

ಗಂಡ ಇನ್ನಾಸಪ್ಪ ತೀರಿಕೊಂಡ ಮೇಲೆ ಕೆಲವು ವರ್ಷ ಅವಳು ಗುರುಗಳ ಮನೆಯಲ್ಲಿ ಅಡುಗೆಗಿದ್ದಳು. ಆಗಿದ್ದ ಹಿರಿಯ ಗುರುಗಳು ಈಸ್ಟರಿಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಸರಳ ಜೀವನದ ವ್ರತ ಹಿಡಿದರು. ಮಿಕ್ಸಿ ಬೇಡ, ಗ್ಯಾಸ್ ಬೇಡ, ಒರಳಿನ ಚಟ್ನಿ, ಸೌದೆ ಒಲೆಯ ಮುದ್ದೆ ಸಾಕು ಎಂದರು. ಸವರಮ್ಮ ಎಂಟು ದಿನ ರುಬ್ಬಿದಳು, ಊದಿದಳು. ಒಂಬತ್ತನೇ ದಿನ ಮುದ್ದೆ ಬಡಿಸುತ್ತಾ ಹೇಳಿದಳು: "ಸ್ವಾಮಿ, ನಿಮ್ಮ ಸರಳ ಜೀವನಕ್ಕೆ ನಂಗೆ ದಿನಾ ಎರಡು ಗಂಟೆ ಜಾಸ್ತಿ ಕೆಲ್ಸ. ಬಿಟ್ಟಿದ್ದು ನೀವು, ಹೊತ್ತಿದ್ದು ನಾನು. ಪುಣ್ಯ ಯಾರ ಲೆಕ್ಕಕ್ಕೆ?" ಗುರುಗಳು ಒಳ್ಳೆಯವರು. ಅಂದೇ ಸಂಜೆ ಗ್ಯಾಸ್ ವಾಪಸ್ಸು ಬಂತು. ಮರುದಿನದಿಂದ ತಮ್ಮ ತಟ್ಟೆ ತಾವೇ ತೊಳೆದರು.

ಸವರಮ್ಮ ತಾನೂ ಸರಳವಾಗಿಯೇ ಬದುಕುತ್ತಾಳೆ. ಎರಡು ಸೀರೆ, ಒಂದು ಹಾಸಿಗೆ, ಎರಡು ಪಾತ್ರೆ. ಬಹಳ ಹೆಂಗಸರು ಅಷ್ಟರಲ್ಲೇ ಬದುಕುತ್ತಾರೆ, ಅದನ್ನು ಯಾರೂ ವ್ರತ ಎನ್ನುವುದಿಲ್ಲ. ಆದರೆ ಸವರಮ್ಮ ಅದನ್ನು ಬೇಕೆಂದೇ ಆರಿಸಿಕೊಂಡವಳು. ಮಾಗಡಿಯಲ್ಲಿರುವ ಮಗಳು ಕೊಟ್ಟ ಸೀರೆಗಳು ಬಂದಷ್ಟೇ ಬೇಗ ಬೇರೆಯವರ ಮೈ ಸೇರುತ್ತವೆ. ಅವಳ ಸರಳತೆಯ ಕೆಲಸವನ್ನು ಅವಳೇ ಮಾಡುತ್ತಾಳೆ, ಇನ್ನೊಬ್ಬಳ ಸೊಂಟದ ಮೇಲೆ ಹೊರಿಸುವುದಿಲ್ಲ.

ದೊಡ್ಡಮಳೂರಿನ ಕಾವೇರಮ್ಮನ ಮನೆಗೆ ಅವಳು ಹೋಗತೊಡಗಿ ನಾಲ್ಕು ವರ್ಷವಾಯಿತು. ಕಾವೇರಮ್ಮನಿಗೆ ಪಾರ್ಶ್ವವಾಯು. ಎಡಭಾಗ ಬಿದ್ದುಹೋಗಿದೆ, ನಾಲಿಗೆ ಮಾತ್ರ ಚೂಪಾಗಿದೆ. ಮಗ ಅಶ್ವಥ್ ಗೂಡ್ಸ್ ಆಟೋ ಓಡಿಸುತ್ತಾನೆ. ಸೊಸೆ ಲತಾಮಣಿ ಎರಡು ಹಸು ಕರೆದು, ಅಡುಗೆ ಮಾಡಿಟ್ಟು, ಏಳೂವರೆಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಮಂಗಳವಾರ ಮಾತ್ರ ಅವಳು ಒದ್ದೆ ನೆರಿಗೆಯಲ್ಲೇ ಬಸ್ಸಿಗೆ ಓಡಬೇಕು. ಅತ್ತೆಯನ್ನು ಹಿಡಿದುಕೊಂಡಿದ್ದ ಒದ್ದೆ ಅದು. ಅಷ್ಟು ಹೊತ್ತೂ ಅಶ್ವಥ್ ಅಂಗಳದಲ್ಲಿ ಮೊಬೈಲ್ ನೋಡುತ್ತಿರುತ್ತಾನೆ.

ಹಾಸಿಗೆ ನೆನೆಯದಂತೆ ಕಾವೇರಮ್ಮನ ಕೆಳಗೆ ಹರಿದ ಗೊಬ್ಬರದ ಚೀಲ ಹಾಸುತ್ತಿದ್ದರು. ಅದು ಒರಟು, ಚರ್ಮ ತರಚುತ್ತಿತ್ತು. ಮೈ ಪೂರ್ತಿ ಬೆಡ್‌ಶೀಟ್ ಹೊದಿಸಿ, ತೊಳೆಯುವಷ್ಟು ಜಾಗ ಮಾತ್ರ ಸರಿಸುವುದು ಸವರಮ್ಮನ ಕ್ರಮ. ಕೊನೆಗೆ ಪಾದ. ಪಾದ ತೊಳೆಯುವಾಗ ಅವಳು ಮಾತಾಡುವುದಿಲ್ಲ.

ಕಾವೇರಮ್ಮ ಒಂದು ದಿನ ಕೇಳಿದ್ದಳು: "ಅಲ್ಲ ಕಣಮ್ಮಿ, ಇಷ್ಟು ದಿನ ಬತ್ತಿದ್ದೀಯ, ಒಂದ್ಸಲನೂ ನಿಮ್ಮ ದ್ಯಾವ್ರ ಇಸ್ಯ ಎತ್ತಿಲ್ಲ. ಅವ್ನು ಬೇಜಾರು ಮಾಡ್ಕಳಲ್ವಾ?"

"ಅವ್ನೂ ಶಿಷ್ಯರ ಕಾಲು ತೊಳ್ದೋನೇ ಕಣವ್ವ. ತೊಳ್ದಾದ ಮ್ಯಾಲೆ ಒಸಿ ಮಾತಾಡ್ದ. ನಂದು ಇನ್ನೂ ತೊಳ್ದಾಗಿಲ್ಲ."

ಕಳೆದ ಅಕ್ಟೋಬರಿನಲ್ಲಿ, ಸುವಾರ್ತೆ ಸಾರುವವರನ್ನು ನೆನೆಯುವ ಮಿಷನ್ ಭಾನುವಾರ ಬಂತು. ಆ ಸಲ ಸವರಮ್ಮನಿಗೆ ಗೌರವ ಸಲ್ಲಿಸಬೇಕೆಂದು ಚರ್ಚಿನ ಸಮಿತಿಗೆ ಅನ್ನಿಸಿತು. ಅನ್ನಿಸಿದ್ದು ಪ್ರೀತಿಯಿಂದಲೇ. ಆದರೆ ನಮ್ಮ ಕಡೆ ಪ್ರೀತಿಗೆ ಒಂದೇ ರೂಪ, ಫ್ಲೆಕ್ಸು. ಸಮಿತಿಯ ಅಧ್ಯಕ್ಷ ರಾಯಪ್ಪ ಹತ್ತಡಿಯ ಫ್ಲೆಕ್ಸ್ ಹೊಡೆಸಿ ಚರ್ಚಿನ ಗೇಟಿನ ಮೇಲೆ, ರಸ್ತೆಗೆ ಮುಖ ಮಾಡಿ ಕಟ್ಟಿಸಿದ. ನಡುವೆ ಸವರಮ್ಮನ ದೊಡ್ಡ ಮುಖ. ಮೇಲೆ, "ಮನೆಮನೆಗೂ ಸುವಾರ್ತೆ ಮುಟ್ಟಿಸುತ್ತಿರುವ ನಮ್ಮ ಮಿಷನರಿ ಸವರಮ್ಮನವರಿಗೆ ಅಭಿನಂದನೆಗಳು." ಕೆಳಗೆ ಸಾಲಾಗಿ ಸಮಿತಿಯ ಹನ್ನೆರಡು ಗಂಡಸರ ಮುಖ. ಆ ಹನ್ನೆರಡರಲ್ಲಿ ಒಬ್ಬನೂ ಯಾರ ಬೆನ್ನನ್ನೂ ತೊಳೆದವನಲ್ಲ.

ಮಂಗಳವಾರ ದೊಡ್ಡಮಳೂರಿನಲ್ಲಿ ಅಶ್ವಥ್ ಗೇಟಿಗೆ ಅಡ್ಡ ನಿಂತಿದ್ದ. ಅವನ ಮೊಬೈಲಿನಲ್ಲಿ ಆ ಫ್ಲೆಕ್ಸಿನ ಫೋಟೋ. ಊರಿನ ಗ್ರೂಪಿನಲ್ಲಿ ಯಾರೋ ಹಾಕಿ, 'ನಿಮ್ಮನೆಗೆ ಬರೋದು ಇವರೇ ಅಲ್ವಾ' ಎಂದು ಕೇಳಿದ್ದರು.

"ಇದೇನಮ್ಮ ಇದು? ನಮ್ಮನೆಗೆ ನೀವು ಏನು ಮುಟ್ಟಿಸೋಕೆ ಬತ್ತಿದ್ರಿ?"

"ನೀರು ಮುಟ್ಟಿಸ್ತಿದ್ದೆ ಕಣಪ್ಪ."

"ತಮಾಸೆ ಬ್ಯಾಡಿ. ಊರೋರೆಲ್ಲ ಕೇಳ್ತಾವ್ರೆ."

"ನಾನು ಕ್ರಿಸ್ತರೋಳು ಅಂತ ಮುಚ್ಚಿಟ್ಟಿದ್ನಾ? ಕುತ್ಗೇಲಿ ಶಿಲುಬೆ ಐತೆ. ನಾಕು ವರ್ಷದಿಂದ ನೋಡಿರ್ಲಿಲ್ವಾ?"

"ನೋಡಿದ್ದೆ. ಫ್ಲೆಕ್ಸಲ್ಲಿ ನೋಡಿರ್ಲಿಲ್ಲ." ಅವನ ದನಿ ತಗ್ಗಿತು. "ಇನ್ನು ಮ್ಯಾಲೆ... ಬರೋದು ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಲತಾಮಣಿ ಏನೋ ಹೇಳಲು ಬಾಯಿ ತೆರೆದಳು. ಸವರಮ್ಮ ಕಣ್ಣಲ್ಲೇ ಬೇಡವೆಂದು, ಅಶ್ವಥ್‌ಗೆ ಹೇಳಿದಳು: "ಆಯ್ತು. ಅವ್ವನ ಬೆನ್ನ ಕೆಳಗೆ, ಬಲಗಡೆ, ಒಂದು ಕಡೆ ಕೆಂಪಾಗೈತೆ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ಬೇಕು. ಇಲ್ದಿದ್ರೆ ಹುಣ್ಣಾಯ್ತದೆ. ಹುಣ್ಣಾದ್ರೆ ವಾಸಿಯಾಗೋದು ಕಷ್ಟ."

ಹಿಂದಿರುಗಿ ಬಂದು ದಿಲ್ಶಾದಳ ಜಗಲಿಯಲ್ಲಿ ಕೂತಳು. ನಡೆದಿದ್ದೆಲ್ಲ ಕೇಳಿ ದಿಲ್ಶಾದ್, "ಸೇರಿಸದ ಮನೆಯಿಂದ ಕಾಲಿನ ಧೂಳು ಕೊಡವಿಕೊಂಡು ಬಾ ಅಂತ ನಿಮ್ಮ ಕಿತಾಬಲ್ಲೇ ಐತೆ ಅಂತಿದ್ದೆ. ಕೊಡವಿದ್ಯಾ?" ಎಂದಳು.

"ಇಲ್ಲ. ಬ್ಯಾಡ ಅಂದಿದ್ದು ಗೇಟು ಕಣೇ. ಒಳಗೆ ಮಲಗಿರೋಳು ಅನ್ಲಿಲ್ವಲ್ಲ."

"ಹಂಗಾದ್ರೆ ಇಲ್ಯಾಕೆ ಕುಂತಿದ್ದೀಯಾ? ನಡಿ, ಆ ಫ್ಲೆಕ್ಸ್ ಬಿಚ್ಚೋಣ."

ಸವರಮ್ಮ ಮೊದಲು ಕೇಳಿಯೇ ನೋಡಿದಳು. ರಾಯಪ್ಪ ಒಪ್ಪಲಿಲ್ಲ. "ತಿಂಗಳ ಕೊನೇಗಂಟ ಇರ್ಲಿ ಬುಡು ಸವರಕ್ಕ. ನಿನ್ನ ಮುಖ ಅಷ್ಟು ದೊಡ್ಡದಾಗಿ ಯಾವಾಗ ಬಂದಿತ್ತು? ಸುವಾರ್ತೆಗೆ ಒಸಿ ಪ್ರಚಾರ ಬ್ಯಾಡ್ವಾ?" ಎಂದ. ಈಗಿನ ಗುರುಗಳು ಎಳೆಯರು, ಮೃದು ಸ್ವಭಾವದವರು. ಅವರು ಹೇಳಿದರು: "ನಾವು ಸಾಕ್ಷಿಯಾಗಿ ಬದುಕಬೇಕಲ್ಲವೇ ಅಮ್ಮ? ದೀಪ ಹಚ್ಚಿ ಕೊಳಗದ ಕೆಳಗೆ ಇಡಬಾರದು."

"ದೀಪ ಉರೀಬೇಕು ಸ್ವಾಮಿ, ತನ್ನ ಹೆಸ್ರು ಬರ್ಕಬಾರ್ದು. ಸಾಕ್ಷಿ ಹೇಳೋಕೆ ಮೊದ್ಲು ಒಳಗೆ ಬುಡ್ಬೇಕಲ್ಲ? ಇದ್ರಿಂದ ನಂಗೆ ಒಂದು ಬಾಗ್ಲು ಮುಚ್ಚೋಗೈತೆ. ಆ ಬಾಗ್ಲ ಹಿಂದೆ ಒಬ್ಬಳ ಬೆನ್ನೈತೆ."

ಸವರಮ್ಮ ಚರ್ಚಿನ ಸ್ಟೂಲನ್ನು ಗೇಟಿನ ಹತ್ತಿರ ಎಳೆದುಕೊಂಡು ಹೋದಳು. ಅರವತ್ತು ದಾಟಿದ ಇಬ್ಬರು ಹೆಂಗಸರು ಹಾಡುಹಗಲೇ ರಸ್ತೆಯಲ್ಲಿ ನಿಂತು ಫ್ಲೆಕ್ಸ್ ಬಿಚ್ಚಿದರು. ಸವರಮ್ಮ ಸ್ಟೂಲಿನ ಮೇಲೆ, ಮಂಡಿ ನೋವಿನ ದಿಲ್ಶಾದ್ ಸ್ಟೂಲು ಹಿಡಿದು ಕೆಳಗೆ. ಎಡಗಡೆಯ ಗಂಟು ಬಿಚ್ಚಿತು, ಬಲಗಡೆಯದು ಎಟುಕಲಿಲ್ಲ. ಆಗ ಗುರುಗಳೇ ಬಂದು ಗೋಡೆ ಹತ್ತಿ ಅದನ್ನು ಬಿಚ್ಚಿದರು. ಹನ್ನೆರಡು ಮುಖಗಳೂ ದಿಲ್ಶಾದಳ ತಲೆಯ ಮೇಲೆ ಬಿದ್ದವು.

"ಯಾ ಅಲ್ಲಾ, ಇಷ್ಟೊಂದು ಗಂಡಸರು ಒಟ್ಟಿಗೇ!" ಎಂದಳು ದಿಲ್ಶಾದ್ ಒಳಗಿಂದಲೇ. ಗುರುಗಳಿಗೂ ನಗು ತಡೆಯಲಾಗಲಿಲ್ಲ.

ಸವರಮ್ಮ ಫ್ಲೆಕ್ಸನ್ನು ಮಡಚಿ ಮನೆಗೆ ತಂದಳು. ಆದರೆ ಫೋಟೋ ಮೊಬೈಲುಗಳಲ್ಲಿ ಹಾಗೇ ಇತ್ತು, ದೊಡ್ಡಮಳೂರಿನ ಗೇಟೂ ಮುಚ್ಚಿಯೇ ಇತ್ತು. ಅವಳು ದಿನಕ್ಕೆ ಹತ್ತು ಸಲ ಆ ಕೆಂಪು ಕಲೆಯನ್ನೇ ನೆನೆದಳು. ಬೆಳಿಗ್ಗೆ ಎದ್ದು ಜಪಮಣಿ ಹಿಡಿದರೆ ಪ್ರತಿ ಮಣಿಯೂ ಆ ಕಲೆಯಷ್ಟೇ ಅಗಲ ಕಾಣುತ್ತಿತ್ತು.

ಆ ಮನೆಯಲ್ಲಿ ನಡೆದದ್ದನ್ನು ಲತಾಮಣಿ ಆಮೇಲೆ ಹೇಳಿದಳು. ಗೇಟು ಮುಚ್ಚಿದ ಸಂಜೆಯೇ ಅವಳು ಗಂಡನಿಗೆ ಹೇಳಿದ್ದಳಂತೆ: "ಬೇಡ ಅಂದೋನು ನೀನು. ಇನ್ನು ಮ್ಯಾಲೆ ತೊಳಿಯೋನೂ ನೀನೇ. ನಾನು ಹಿಡ್ಕತೀನಿ, ಅಷ್ಟೇ." ಅಶ್ವಥ್ ಎರಡು ದಿನ ಹೊರಗೆ ಕೆಲಸವಿದೆಯೆಂದ. ಮೂರನೇ ದಿನ ವಾಸನೆ ಬಂತು. ನಾಲ್ಕನೇ ದಿನ ಅವನು ಬಕೆಟ್ ಹಿಡಿದು ಒಳಗೆ ಹೋದ. ನೀರು ಬಿಸಿಯಾಗಿತ್ತು, ತಾಯಿ ಚೀರಿದಳು. ಎಲ್ಲಿ ಮುಟ್ಟಬೇಕು, ಎಲ್ಲಿ ನೋಡಬಾರದು, ಒಂದೂ ತಿಳಿಯಲಿಲ್ಲ. ಬೆನ್ನು ತಿರುಗಿಸಿದಾಗ ಕೆಂಪು ಒಡೆದಿತ್ತು. ಕಾವೇರಮ್ಮ ಬೈಯಲಿಲ್ಲ. ಎಲ್ಲದಕ್ಕೂ ಬೈಯುವ ಕಾವೇರಮ್ಮ ಬೈಯದೆ ಗೋಡೆಯ ಕಡೆ ಮುಖ ಮಾಡಿದ್ದನ್ನು ಅವನಿಂದ ನೋಡಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಅವನ ಆಟೋ ಸವರಮ್ಮನ ಮನೆ ಮುಂದೆ ನಿಂತಿತು. ಅವನು ಇಳಿದು, ಒಳಗೆ ಬರದೆ ನಿಂತ.

"ಹುಣ್ಣಾಗೋಯ್ತು" ಎಂದ.

"ಎಷ್ಟಗಲ?"

"ರೂಪಾಯಷ್ಟು."

"ದಾರೀಲಿ ಸರ್ಕಾರಿ ಆಸ್ಪತ್ರೆ ನರ್ಸಮ್ಮನ್ನೂ ಕರ್ಕಳಣ. ಅದು ನನ್ನ ಕೈ ಮೀರೈತೆ." ಸವರಮ್ಮ ಸೆರಗು ಬಿಗಿದಳು. "ಬತ್ತೀನಿ. ಒಂದು ಮಾತೈತೆ. ಇನ್ನು ಮ್ಯಾಲೆ ಲತಾಮಣಿ ಹಿಡ್ಕಳಲ್ಲ. ನೀನು ಹಿಡ್ಕಬೇಕು."

"ನಾನಾ? ಗಂಡಸು..."

"ಅವ್ವನ ಮಾನ ಅವ್ವಂದು, ಅದ್ನ ಹೆಂಗೆ ಕಾಯೋದು ನಂಗೊತ್ತು. ಬೆಡ್‌ಶೀಟ್ ಮ್ಯಾಲೆ ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ. ಮೂಟೆ ಎತ್ತೋ ಕೈ ತಾನೆ? ನನ್ನ ಒಬ್ಬಳ್ನೇ ಕಳ್ಸಿಲ್ಲ ಅವ್ನು, ಇಬ್ಬಿಬ್ಬರು ಹೋಗಿ ಅಂದವ್ನೆ. ದಿಲ್ಶಾದ್ ಮಂಡಿ ಹೋದ ಮ್ಯಾಲೆ ನನ್ನ ಜೊತೆ ಜಾಗ ಖಾಲಿ ಐತೆ."

ಅಶ್ವಥ್ ಆಟೋದ ಸೀಟು ಒರೆಸಿದ. "ನಮ್ಮೂರ ಅಪ್ರಮೇಯ ಸ್ವಾಮಿ ಒಕ್ಕಲು ಕಣಮ್ಮ ನಾನು."

"ಇರು. ಯಾರು ಬ್ಯಾಡ ಅಂದ್ರು? ಗಟ್ಟಿಯಾಗಿ ಹಿಡ್ಕ, ಸಾಕು."

ಹೊರಡುವಾಗ ಸವರಮ್ಮ ವಾಪಸ್ಸು ಒಳಗೆ ಹೋಗಿ ಮೂಲೆಯಲ್ಲಿದ್ದ ಫ್ಲೆಕ್ಸ್ ತೆಗೆದಳು. ನೀರು ಇಳಿಯುವುದಿಲ್ಲ, ಗೊಬ್ಬರದ ಚೀಲದಷ್ಟು ಒರಟಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಏನನ್ನಾದರೂ ಹೊತ್ತುಕೊಂಡು ಹೊರಟಿದ್ದಳು.

ಆ ಹುಣ್ಣು ಪೂರ್ತಿ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಅಶ್ವಥ್‌ಗೆ ಹಿಡಿದುಕೊಳ್ಳಲು ಬಂದದ್ದು ಮೂರನೇ ವಾರಕ್ಕೆ. ಲತಾಮಣಿ ಈಗ ಮಂಗಳವಾರ ಬಸ್ಸಿಗೆ ಮುಂಚೆ ಕೂತು ಕಾಫಿ ಕುಡಿಯುತ್ತಾಳೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಕೆಲಸದ ದಿನ ಅವಳು ಕೂತು ಕಾಫಿ ಕುಡಿದದ್ದು ಇದೇ ಮೊದಲು. ನೆರಿಗೆ ಒಣಗಿರುತ್ತದೆ.

ಫ್ಲೆಕ್ಸನ್ನು ಮೊದಲ ದಿನ ಅಶ್ವಥ್ ಮುಖ ಕೆಳಗೆ ಮಾಡಿ ಹಾಸಲು ಹೋಗಿದ್ದ. ಅಕ್ಷರದ ಕಡೆ ನುಣುಪು ಎಂದು ಸವರಮ್ಮ ತಿರುಗಿಸಿ ಹಾಸಿದಳು. ಮಗ್ಗುಲಿಗೆ ಹೊರಳಿದ ಕಾವೇರಮ್ಮ ಕಣ್ಣ ಮುಂದಿದ್ದುದನ್ನು ದಿಟ್ಟಿಸಿದಳು.

"ಅಮ್ಮಯ್ಯ, ನಿನ್ನ ಮಕದ ಮ್ಯಾಲೇ ಮಲಗ್ಸಿದ್ದೀಯಲ್ಲ ಕಣೇ! ಕೆಳಗಡೆ ಯಾರಿವ್ರು, ಇಷ್ಟೊಂದು ಜನ?"

"ನಮ್ಮ ಸಮಿತಿಯೋರು ಕಣವ್ವ."

"ಏನು ಕೆಲ್ಸ ಮಾಡ್ತಾರೆ?"

"ಇವತ್ತಿಂದ ನಿನ್ನ ನೀರು ತಡೀತಾರೆ" ಎಂದು ಸವರಮ್ಮ ಮೊಣಕೈಯನ್ನು ಬಕೆಟ್ಟಿಗೆ ಅದ್ದಿ ಹದ ನೋಡಿದಳು. "ಅಶ್ವಥಪ್ಪ, ಹಿಡ್ಕ."