ಒಸಿ ಬೆಳ್ಳಗಿರ್ಲಿ ಬುಡಿ

ಎಷ್ಟು ಬೆಳಕು ಸಾಕೆಂದು ಹೇಳುವ ಕ್ಯಾಮೆರಾದ ಮೀಟರ್, ಸಾತನೂರಿನ ನಮ್ಮ ಮದುವೆ ಫೋಟೋಗ್ರಾಫರ್ ಪಾಲಿಗೆ ಹೆಣ್ಣಿನ ಕಡೆಯ ಬಡ ನೆಂಟನಿದ್ದ ಹಾಗೆ. ಅದರ ಮಾತನ್ನು ಅವರು ಕೇಳಿದ್ದೇ ಇಲ್ಲ. ಚಪ್ಪರದ ಬಿಸಿಲಿರಲಿ, ಛತ್ರದ ಕತ್ತಲಿರಲಿ, ಬೆಳಕಿನ ಎಕ್ಸ್‌ಪೋಷರ್ ಎರಡು ಪಾಯಿಂಟ್ ಏರಿಸಿ, ಎಡಗಣ್ಣು ಮುಚ್ಚಿ, “ಒಸಿ ಬೆಳ್ಳಗಿರ್ಲಿ ಬುಡಿ” ಎನ್ನುತ್ತಿದ್ದರು. ಅವರ ಆಲ್ಬಮ್ಮಿನಲ್ಲಿ ಬಿಳಿ ಪಂಚೆಯವರೆಲ್ಲ ಸುಣ್ಣದ ಗೋಡೆಯೊಳಗೆ ಐಕ್ಯರಾಗಿ, ಮದುವೆಗೆ ಬರೀ ಮೀಸೆಗಳು ಬಂದಂತೆ ಕಾಣುತ್ತಿತ್ತು.

ಅಕ್ಕನ ಮದುವೆಯ ಆಲ್ಬಮ್ ತಂದುಕೊಟ್ಟ ದಿನ ನಮ್ಮಜ್ಜಿ ಒಂದು ಫೋಟೋದ ಮೇಲೆ ಬೆರಳಿಟ್ಟು, “ಈ ಬಿಳಿ ಎಂಗ್ಸು ಯಾರಪ್ಪ, ಗಂಡಿನ ಕಡೇವ್ಳಾ?” ಅಂದಳು.

“ನೀವೇ ಕಣಜ್ಜಿ! ಎಂಗ್ ಬಂದೈತೆ?” ಎಂದು ಫೋಟೋಗ್ರಾಫರ್ ಬೀಗಿದರು.

ಅಜ್ಜಿ ತನ್ನ ಕಪ್ಪು ಕೈಯನ್ನು ಫೋಟೋದ ಪಕ್ಕಕ್ಕಿಟ್ಟಳು. “ವರ್ಸಾನ್‌ಗಟ್ಲೆ ಬಿಸ್ಲಲ್ಲಿ ರೇಸ್ಮೆ ಸೊಪ್ಪು ಕುಯ್ದು ಮಾಡ್ಕಂಡಿರೋ ಬಣ್ಣ ಕಣಪ್ಪ ಇದು. ನೀನು ಒಂದೇ ಗುಂಡಿ ಒತ್ತಿ ತೊಳ್ದಾಕ್ಬುಟ್ಯಲ್ಲ! ಇನ್ನೊಂದು ತೆಗಿ.”

ಅವರು ಹೆಗಲ ಮೇಲಿದ್ದ ಕ್ಯಾಮೆರಾ ತೆಗೆದು, ಮೊದಲ ಬಾರಿಗೆ ಮೀಟರ್ ನೋಡಿದರು. ಅದು ಕೇಳಿದಷ್ಟೇ ಬೆಳಕು ಕೊಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಕ್ಲಿಕ್ಕಿಸಿದರು. ಸುಕ್ಕು, ಮೂಗುಬೊಟ್ಟು, ಬಣ್ಣ ಎಲ್ಲವೂ ಇರುವ ಆ ಅಜ್ಜಿ ಈಗಲೂ ನಮ್ಮ ನಡುಮನೆಯ ಗೋಡೆಯ ಮೇಲಿದ್ದಾಳೆ. ಅವರು ತೆಗೆದ ಫೋಟೋಗಳಲ್ಲಿ, ಹಿಂಬದಿಗೆ ತಮ್ಮ ಸ್ಟುಡಿಯೋ ಸೀಲ್ ಒತ್ತಲು ನಾಚಿಕೊಂಡದ್ದು ಅದೊಂದಕ್ಕೇ.