ಕಾಲು ಭಾಗದ ಹಾಡು

ನಮ್ಮ ಮನೆಯಲ್ಲಿ ಜಗಳ ಆಗುವುದು ಎರಡೇ ವಿಷಯಕ್ಕೆ. ಒಂದು, ಗೀಸರ್ ಆಫ್ ಮಾಡದೆ ಬಂದವರು ಯಾರು ಅನ್ನುವುದು. ಇನ್ನೊಂದು, ರಾಗ.

ಈ ಸಲದ್ದು ರಾಗದ ಜಗಳ.

ಹನುಮಂತನಗರದ ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಹಿಂದಿನ ಮನೆಯ ಟೆರೇಸ್ ಕಾಣುತ್ತದೆ. ಆ ಮನೆಗೆ ಹೋದ ವರ್ಷ ಬಂದವರು ಜಯಕರ್. ಐವತ್ತು ದಾಟಿದ ಮನುಷ್ಯ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಬೆಳಗ್ಗೆ ಬನಿಯನ್ ಹಾಕಿಕೊಂಡು ಹೂಕುಂಡಗಳಿಗೆ ನೀರು ಹಾಕುತ್ತಾರೆ. ನೀರು ಹಾಕುತ್ತ ಹಾಡುತ್ತಾರೆ. ಅದೂ ದಿನಾ ಒಂದೇ ಹಾಡು. ಪದಗಳಿಲ್ಲ, ಬರೀ ಲಾ ಲಾ ಲಾ.

ಅಲ್ಲೇ ಶುರುವಾಯಿತು ನೋಡಿ.

"ಹರಿಕಾಂಭೋಜಿ ಕಣೇ," ಅಂದರು ನನ್ನ ಗಂಡ ಶ್ರೀಧರ, ಕಾಫಿ ಲೋಟ ಹಿಡಿದು ಕಿಟಕಿಗೆ ಕಿವಿ ಕೊಟ್ಟು. ಇವರು ರಾಮನವಮಿ ಕಚೇರಿಗಳನ್ನು ಒಂದೂ ಬಿಡದವರು. (ತನಿ ಆವರ್ತನ ಶುರುವಾದ ಕೂಡಲೇ ಬೋಂಡಾ ತಿನ್ನಲು ಎದ್ದು ಹೋಗುವವರೂ ಇವರೇ.)

"ಶಂಕರಾಭರಣ ಕಣ್ರೀ," ಅಂದೆ ನಾನು. ನಾನು ವರ್ಣದವರೆಗೆ ಪಾಠ ಆದವಳು. ಬಿಟ್ಟುಕೊಡುತ್ತೇನೆಯೇ?

ಆದರೆ ನಿಜ ಹೇಳುತ್ತೇನೆ, ಆ ಹಾಡು ಎರಡಕ್ಕೂ ಬಗ್ಗುತ್ತಿರಲಿಲ್ಲ. ಒಂದೇ ಸ್ವರದ ಮೇಲೆ ಎಷ್ಟೋ ಹೊತ್ತು ಕೂತಿರುತ್ತಿತ್ತು. ಒಂದು ಮೆಟ್ಟಿಲು ಇಳಿಯುತ್ತಿತ್ತು, ಮತ್ತೆ ಹತ್ತಿ ಅಲ್ಲೇ ಕೂರುತ್ತಿತ್ತು. ನಡುವೆ ಒಂದು ಕಡೆ ಯಾವ ರಾಗಕ್ಕೂ ಸೇರದ ಒಂದು ಸ್ವರ ಬಂದು ಹೋಗುತ್ತಿತ್ತು. ಮುಗಿಯುವಾಗಲಂತೂ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಹಾಡು ಗುರುತಿಸುವ ಆ್ಯಪ್ ಹಾಕಿ ಫೋನನ್ನು ಕಿಟಕಿಗೆ ಹಿಡಿದೆ. ಅದು ಯಾವುದೋ ಟೂತ್‌ಪೇಸ್ಟ್ ಜಾಹೀರಾತು ಅಂತ ತೋರಿಸಿತು. ಒಂದು ಮನೆಯಲ್ಲಿ ಎರಡು ರಾಗ, ಒಂದು ಟೂತ್‌ಪೇಸ್ಟ್. ವಾರಗಟ್ಟಲೆ ಹೀಗೇ ನಡೆಯಿತು.

ಕೊನೆಗೆ ಒಂದು ಭಾನುವಾರ ಸಂಜೆ ದರ್ಶಿನಿಯಲ್ಲಿ ಜಯಕರ್ ಕಾಫಿ ಕುಡಿಯುತ್ತಾ ನಿಂತಿದ್ದರು. ಶ್ರೀಧರ ನೇರವಾಗಿ ಹೋಗಿ ಕೇಳಿಯೇಬಿಟ್ಟರು.

"ಸರ್, ಬೆಳಗ್ಗೆ ಹಾಡ್ತೀರಲ್ಲ, ಅದು ಯಾವ ರಾಗ?"

ಅವರು ಲೋಟ ಕೆಳಗಿಟ್ಟರು. "ನಾನು ಹಾಡೋದು ನಿಮಗೆ ಕೇಳಿಸುತ್ತಾ?"

"ದಿನಾ! ನಾನು ಹರಿಕಾಂಭೋಜಿ ಅಂತೀನಿ, ಇವಳು ಶಂಕರಾಭರಣ ಅಂತಾಳೆ."

ಜಯಕರ್ ಎಷ್ಟು ನಕ್ಕರೆಂದರೆ ಪಕ್ಕದವರೆಲ್ಲ ತಿರುಗಿ ನೋಡಿದರು. "ಸರ್, ಅದು ಹಾಡೇ ಅಲ್ಲ. ಹಾಡಿನ ಕಾಲು ಭಾಗ. ಟೆನರ್ ಅಂತಾರೆ. ಚರ್ಚ್ ಕ್ವಾಯರಲ್ಲಿ ನಾಲ್ಕು ಗುಂಪು ಇರುತ್ತೆ. ಸೊಪ್ರಾನೊ ಅಂದ್ರೆ ಮೇಲಿನ ಧ್ವನಿಯ ಹೆಂಗಸರು, ಅವರು ಟ್ಯೂನ್ ತಗೊಂಡು ಹೋಗ್ಬಿಡ್ತಾರೆ. ಮಿಕ್ಕ ಮೂರು ಗುಂಪಿಗೆ ಹಿಂಗೆ ಒಂದೊಂದು ಪಾಲು. ನಾಲ್ಕೂ ಸೇರಿದ್ರೆ ಹಾಡು."

ಇಷ್ಟು ದಿನ ನಾವು ರಾಗ ಹುಡುಕುತ್ತಿದ್ದದ್ದು ಹಾಡಿನ ಕಾಲು ಭಾಗದಲ್ಲಿ!

ಜಯಕರ್ ಚಾಮರಾಜಪೇಟೆಯ ಒಂದು ಹಳೆಯ ಕನ್ನಡ ಚರ್ಚಿನ ಮ್ಯೂಸಿಕ್ ಡೈರೆಕ್ಟರ್. ನಮ್ಮ ಬೀದಿಯಲ್ಲಿ ಆ ಮಾತು ಹೇಗೋ ಹಬ್ಬಿ, ಮೂರನೇ ಮನೆಯ ಗೀತಾ ತನ್ನ ಮಗಳಿಗೆ ಸಿನಿಮಾದಲ್ಲಿ ಒಂದು ಚಾನ್ಸ್ ಕೊಡಿಸಿ ಅಂತ ಅವರನ್ನು ಕೇಳಿದ್ದಳಂತೆ. ಮ್ಯೂಸಿಕ್ ಡೈರೆಕ್ಟರ್ ಅಂದರೆ ನಮಗೆ ಬೇರೆ ಏನು ತಾನೇ ಹೊಳೆಯುತ್ತದೆ?

"ಹಾಗಾದ್ರೆ ಚರ್ಚಲ್ಲಿ ನಿಮ್ಮ ಕೆಲಸ ಏನು ಸರ್?" ಅಂತ ಕೇಳಿದೆ. ನನಗೆ ಕುತೂಹಲ ಬಂದರೆ ಮರ್ಯಾದೆ ಮರೆತುಹೋಗುತ್ತದೆ.

"ಹೆಸರು ದೊಡ್ಡದು ಮೇಡಂ. ಕೆಲಸ ಅಂದ್ರೆ ಎಲ್ರಿಗೂ ಫೋನ್ ಮಾಡಿ ಪ್ರಾಕ್ಟೀಸಿಗೆ ಬನ್ನಿ ಅನ್ನೋದು. ಯಾರಿಗೆ ನೆಗಡಿ, ಯಾರ ಮನೇಲಿ ಮದುವೆ, ಯಾರು ಯಾರ ಪಕ್ಕ ನಿಲ್ಲಲ್ಲ, ಎಲ್ಲಾ ಗೊತ್ತಿರಬೇಕು. ಶನಿವಾರ ಬಂದ್ಬಿಡಿ, ನೀವೇ ನೋಡೀರಂತೆ."

ಕರೆದ ಮೇಲೆ ಬಿಡುತ್ತೇವೆಯೇ?

ಶನಿವಾರ ಸಂಜೆ ಹೋದೆವು. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಅಂತ ಬಾಗಿಲಲ್ಲಿ ಒಂದಷ್ಟು ಹೊತ್ತು ನಿಂತೆವು. ಶ್ರೀಧರ ಬಿಟ್ಟರು, ನಾನು ಹಾಕಿಕೊಂಡೇ ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆವು.

ಈಸ್ಟರ್ ಹಬ್ಬಕ್ಕೆ ತಯಾರಿ. ಒಂದು ಟೇಬಲ್ ಮೇಲೆ ಶುಂಠಿ ಹಾಕಿದ ಬಿಸಿನೀರಿನ ಫ್ಲಾಸ್ಕ್. ಜಯಕರ್ ಒಂದೊಂದು ಗುಂಪಿಗೂ ಬೇರೆ ಬೇರೆಯಾಗಿ ಪಾಠ ಹೇಳಿದರು. ಹೇಳಿದರು ಅಂದರೆ ಕೀಬೋರ್ಡಿನ ಮೇಲೆ ನುಡಿಸಿ ತೋರಿಸಿದರು. ಬಾಯಿ ಬಿಡಲಿಲ್ಲ. ಬರೀ ಕೈ ಆಡಿಸಿದರು. ಟೆರೇಸಿನಲ್ಲಿ ಅಷ್ಟು ಧಾರಾಳವಾಗಿ ಹಾಡುವ ಮನುಷ್ಯ ಇಲ್ಲಿ ಯಾಕೆ ಹೀಗೆ?

ಬಿಡುವಿನಲ್ಲಿ ಕೇಳಿದೆ. "ಹಾಡಿದ್ರೆ ನನ್ನ ಧ್ವನಿನೇ ನನಗೆ ಕೇಳಿಸುತ್ತೆ ಮೇಡಂ. ಬೇರೆಯವರದ್ದು ಕೇಳಿಸಲ್ಲ. ಇಲ್ಲಿ ಕೈ ಆಡಿಸೋಕೆ ನಿಂತಾಗಿಂದ ನಾನು ಹಾಡಿಲ್ಲ," ಅಂದರು.

ಹಾಡುವ ಆಸೆಯಿಂದ ಈ ಕೆಲಸಕ್ಕೆ ಬಂದವರು ಹಾಡುವುದನ್ನೇ ಬಿಡಬೇಕು. ಎಂಥ ವಿಚಿತ್ರ ಉದ್ಯೋಗ ಸ್ವಾಮಿ ಇದು!

ಆಮೇಲೆ ಎಲ್ಲರನ್ನೂ ಸೇರಿಸಿ ಹಾಡಿಸಿದರು. ಚೆನ್ನಾಗಿತ್ತು. ಆದರೆ ಏನೋ ಕಮ್ಮಿ. ಹಲ್ಲು ಬಿದ್ದ ಜಾಗದಲ್ಲಿ ನಾಲಗೆ ಆಡಿದ ಹಾಗೆ. ಏನು ಕಮ್ಮಿ ಅಂತ ತಕ್ಷಣ ಗೊತ್ತಾಯಿತು. ದಿನಾ ಅಡುಗೆಮನೆಯಲ್ಲಿ ಕೇಳುತ್ತಿದ್ದ ಆ ಕಾಲು ಭಾಗ ಇರಲಿಲ್ಲ.

ಟೆನರ್ ಜಾಗದಲ್ಲಿ ಒಬ್ಬರೇ ನಿಂತಿದ್ದರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಷರಟು, ಕುತ್ತಿಗೆಗೆ ಸುತ್ತಿದ ಮಫ್ಲರ್. ಪುಸ್ತಕ ಹಿಡಿದು ಬಾಯಿ ಆಡಿಸುತ್ತಿದ್ದರು. ಧ್ವನಿ ಬರುತ್ತಿರಲಿಲ್ಲ.

ಆಗ ನಮ್ಮ ಯಜಮಾನರು ಒಂದು ಕೆಲಸ ಮಾಡಿದರು. ಎರಡನೇ ಸಲ ಹಾಡುವಾಗ, ಆ ಖಾಲಿ ಜಾಗ ಬಂದ ಕೂಡಲೇ ತಮಗೇ ಗೊತ್ತಿಲ್ಲದೆ ಆ ಸಾಲನ್ನು ಹಾಡತೊಡಗಿದರು! ಗಟ್ಟಿಯಾಗಿ! ಸುಮ್ಮನೆ ಹಾಡಿದ್ದರೂ ಸರಿ. ಒಂದೊಂದು ಸ್ವರಕ್ಕೂ ಗಮಕ ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತಾ ಹಾಡಿದರು. ಕ್ವಾಯರಿನವರು ಮೂರು ಮೂರು ಎಣಿಸುತ್ತಿದ್ದರೆ ಇವರದು ಆದಿತಾಳ. ಸೊಪ್ರಾನೊ ಹುಡುಗಿಯರು ಜಯಕರ್ ಕೈ ನೋಡಬೇಕೋ ಇವರ ಕೈ ನೋಡಬೇಕೋ ತಿಳಿಯದೆ ನಿಂತೇಹೋದರು.

"ಸರ್," ಅಂದರು ಜಯಕರ್, ನಗು ತಡೆದುಕೊಂಡು, "ಸ್ವರ ಸರಿಯಾಗಿದೆ. ಅಲ್ಲಾಡಿಸಬೇಡಿ ಅಷ್ಟೆ."

ಎಲ್ಲರೂ ನಕ್ಕರು. ಮುಂದಿನ ಸಾಲಿನ ಒಬ್ಬ ಹೆಂಗಸು, "ಇವರಿಗೆ ಪಾಠ ಆಗ್ಬಿಟ್ಟಿದೆ, ಇವರನ್ನೇ ಟೆನರ್‌ಗೆ ನಿಲ್ಲಿಸ್ಕೊಳ್ಳಿ ಸರ್!" ಅಂದರು. ತಮಾಷೆಗೇ ಅಂದದ್ದು.

ಮಫ್ಲರಿನ ಹಿರಿಯರೂ ನಕ್ಕರು. ನಕ್ಕು, ಪುಸ್ತಕ ಮುಚ್ಚಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಶ್ರೀಧರ ತಲೆ ತಗ್ಗಿಸಿದರು. ಜಯಕರ್ ಮಾತ್ರ ಏನೂ ಆಗದವರಂತೆ, "ಪ್ರಭಾಕರಣ್ಣ, ಇನ್ನೊಂದ್ಸಲ ಮೊದಲಿಂದ ಹೋಗೋಣ," ಅಂದರು. ಆ ಹಿರಿಯರು ಮತ್ತೆ ತಮ್ಮ ಜಾಗಕ್ಕೆ ಬಂದು ಪುಸ್ತಕ ತೆರೆದರು.

ವಾಪಸ್ ಬರುವಾಗ ಮೂವರೂ ಒಟ್ಟಿಗೆ ನಡೆದುಕೊಂಡು ಬಂದೆವು. ದಾರಿಯಲ್ಲಿ ಜಯಕರ್ ಹೇಳಿದರು. ಪ್ರಭಾಕರ್ ಅಂಚೆ ಇಲಾಖೆಯಿಂದ ರಿಟೈರ್ ಆದವರು. ಜಯಕರ್ ಅವರಿಗೆ ಮೊದಲು ಸ್ವರ ಓದಲು ಕಲಿಸಿದವರೇ ಅವರು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಬರುವುದು ಪಿಸುಮಾತು ಮಾತ್ರ. ಇದ್ದ ಇನ್ನೊಬ್ಬ ಟೆನರ್ ಸರ್ಜಾಪುರದ ಕಡೆ ಮನೆ ಮಾಡಿಕೊಂಡು ಹೋದ. ಆದರೂ ಪ್ರಭಾಕರ್ ಶನಿವಾರ ತಪ್ಪಿಸುವುದಿಲ್ಲ.

"ಬೇರೆ ಚರ್ಚಿಂದ ಒಬ್ಬರನ್ನ ಕರೆಸ್ಬಹುದಲ್ವಾ?" ಅಂದೆ.

"ಕಮಿಟಿಯೋರೂ ಅದನ್ನೇ ಅಂತಿದಾರೆ. ಇಲ್ಲಾ ಅಂದ್ರೆ ಕೀಬೋರ್ಡಲ್ಲಿ ನುಡಿಸಿಬಿಡಿ ಅಂತಾರೆ. ಹೊಸಬರು ಬಂದ್ರೆ ಎಲ್ಲಿ ನಿಲ್ತಾರೆ ಮೇಡಂ? ಇವತ್ತು ನೋಡಿದ್ರಲ್ಲ, ತಮಾಷೆಗೆ ಅಂದ್ರೂ ಸರಿದ್ಬಿಟ್ರು. ಒಂದ್ಸಲ ಆ ಜಾಗದಿಂದ ಇಳಿದ್ರೆ ಆಮೇಲೆ ಅವರು ಚರ್ಚಿಗೇ ಬರಲ್ಲ. ನನಗೆ ಗೊತ್ತು ಅವರು."

"ಮತ್ತೆ ಈಸ್ಟರ್‌ಗೆ ಏನ್ಮಾಡ್ತೀರಿ?" ಶ್ರೀಧರ ಕೇಳಿದರು.

"ನೋಡೋಣ," ಅಂದರು ಜಯಕರ್. ಮರುದಿನ ಬೆಳಗ್ಗೆ ಟೆರೇಸಿನಿಂದ ಮತ್ತೆ ಲಾ ಲಾ ಲಾ.

ನಾನು ಆ ವಾರವೆಲ್ಲ ಇದನ್ನೇ ಯೋಚಿಸಿದೆ. ನಮ್ಮ ಕಡೆ ಸಂಗೀತ ಅಂದರೆ ಒಬ್ಬರು ಮುಂದೆ ಕೂರುತ್ತಾರೆ, ಮಿಕ್ಕವರು ಪಕ್ಕವಾದ್ಯ. ಯಾರು ಎಷ್ಟು ದೊಡ್ಡವರು ಅನ್ನುವುದು ಕೂತ ಜಾಗ ನೋಡಿದರೆ ಗೊತ್ತಾಗುತ್ತದೆ. ಆ ಕ್ವಾಯರಿನಲ್ಲಿ ಟ್ಯೂನ್ ಸಿಗದವರೂ ವರ್ಷಗಟ್ಟಲೆ ಬರುತ್ತಾರೆ. ಮನೆಯಲ್ಲಿ ಒಬ್ಬರೇ ಹಾಡಿಕೊಂಡರೆ ಇದೇನು ಅಂತ ಯಾರಿಗೂ ಅರ್ಥವಾಗದ ಒಂದು ಸಾಲನ್ನು ಜೀವಮಾನವಿಡೀ ಜೋಪಾನ ಮಾಡುತ್ತಾರೆ. ಅದರಲ್ಲಿ ಅವರಿಗೆ ಸಿಗುವ ಸುಖ ಏನು? (ಸಂಸಾರದಲ್ಲಿ ನಮಗೆ ಸಿಗುವುದೂ ಅದೇ ಅಲ್ಲವೇ ಅಂದರು ಶ್ರೀಧರ. ಟ್ಯೂನ್ ಯಾರದ್ದು ಅಂತ ನಾನು ಕೇಳಲಿಲ್ಲ.)

ಈಸ್ಟರ್ ದಿನ ಬೆಳಗ್ಗೆ ಹೋದೆವು. ಚರ್ಚ್ ತುಂಬಿತ್ತು. ಹೊಸ ಸೀರೆಗಳು, ಬಿಳಿ ಹೂವುಗಳು. ಕ್ವಾಯರ್ ಎದ್ದು ನಿಂತಿತು. ಟೆನರ್ ಜಾಗದಲ್ಲಿ ಪ್ರಭಾಕರ್ ಒಬ್ಬರೇ. ಜಯಕರ್ ನಮ್ಮೆಲ್ಲರಿಗೂ ಬೆನ್ನು ಹಾಕಿ ಕ್ವಾಯರ್ ಎದುರು ನಿಂತರು. ಪ್ರಾಕ್ಟೀಸಿನ ದಿನ ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಎಡಕ್ಕೆ, ಪ್ರಭಾಕರ್ ಅವರಿಗೆ ತೀರಾ ಹತ್ತಿರ.

ಹಾಡು ಶುರುವಾಯಿತು. ನಾನು ಕಾದೆ. ಆ ಜಾಗ ಬಂತು.

ಬಂತು ನೋಡಿ, ಅದೇ ಕಾಲು ಭಾಗ! ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಕೂತು. ಯಾವ ರಾಗಕ್ಕೂ ಸೇರದು ಅಂತ ನಾವು ಬೈದುಕೊಂಡಿದ್ದ ಆ ಸ್ವರ ಬಂದಾಗ ಇಡೀ ಹಾಡು ಬಾಗಿಲು ತೆರೆದ ಹಾಗಾಯಿತು. ಅದಕ್ಕೇ ಇತ್ತು ಅದು. ನನ್ನ ಕಣ್ಣು ತುಂಬಿಬಂತು, ಮುಚ್ಚಿಡುವುದು ಯಾಕೆ?

ಧ್ವನಿ ಪ್ರಭಾಕರ್ ನಿಂತ ಕಡೆಯಿಂದಲೇ ಬರುತ್ತಿತ್ತು. ಅವರ ತುಟಿಗಳು ಸರಿಯಾಗಿ ಆಡುತ್ತಿದ್ದವು. ಶ್ರೀಧರ ನನ್ನ ಕೈ ಅದುಮಿ, "ಟೆರೇಸು ಕಣೇ," ಅಂದರು.

ಹೌದು, ಟೆರೇಸು. ಬೆನ್ನು ಹಾಕಿ ನಿಂತ ಮನುಷ್ಯ ತನ್ನ ನಿಯಮ ತಾನೇ ಮುರಿದು ಹಾಡುತ್ತಿದ್ದರು. ಅವರು ಹೇಳಿದ್ದು ನಿಜವೂ ಆಯಿತು. ಹಾಡುತ್ತಾ ಅವರಿಗೆ ಮಿಕ್ಕವರು ಕೇಳಿಸಲಿಲ್ಲ ಅಂತ ಕಾಣುತ್ತದೆ, ಎರಡನೇ ಚರಣದಲ್ಲಿ ಒಂದು ಗುಂಪು ಮುಂದೆ ಓಡಿತು, ಕೈ ಗಲಿಬಿಲಿಯಾಯಿತು. ಹೇಗೋ ಸೇರಿಸಿಕೊಂಡು ಕೊನೆ ಮುಟ್ಟಿಸಿದರು.

ಆರಾಧನೆ ಮುಗಿದ ಮೇಲೆ ಜನ ಮುತ್ತಿಕೊಂಡದ್ದು ಪ್ರಭಾಕರ್ ಅವರನ್ನು. "ಅಂಕಲ್, ವಾಯ್ಸ್ ವಾಪಸ್ ಬಂತಲ್ಲ!" "ದೇವರು ದೊಡ್ಡೋನು ಪ್ರಭಾಕರ್ ಅವರೇ!" ಅವರು ಎಲ್ಲರಿಗೂ ಕೈ ಮುಗಿದರು, ನಕ್ಕರು. ಇಲ್ಲ ಅನ್ನಲಿಲ್ಲ. ಅನ್ನುವುದಕ್ಕೂ ಧ್ವನಿ ಬೇಕಲ್ಲ. ಆ ಕಡೆ ಮ್ಯೂಸಿಕ್ ಡೈರೆಕ್ಟರ್ ಯಾರ ಕಣ್ಣಿಗೂ ಬೀಳದೆ ಪುಸ್ತಕಗಳನ್ನು ಜೋಡಿಸುತ್ತಿದ್ದರು. ನಾವು ಪಕ್ಕದಲ್ಲೇ ಇದ್ದೆವು.

ಜನ ಕರಗಿದ ಮೇಲೆ ಪ್ರಭಾಕರ್ ಮಫ್ಲರ್ ಸರಿಮಾಡಿಕೊಂಡು ಬಂದರು. ಜಯಕರ್ ಭುಜದ ಮೇಲೆ ಕೈ ಇಟ್ಟರು. ಥ್ಯಾಂಕ್ಸ್ ಹೇಳುತ್ತಾರೆ, ಅಳುತ್ತಾರೆ ಅಂದುಕೊಂಡು ನಾನು ಕರ್ಚೀಫ್ ಹುಡುಕುತ್ತಿದ್ದೆ.

ಅವರು ಬಗ್ಗಿ ಪಿಸುಗುಟ್ಟಿದರು. "ಕೊನೇ ಚರಣದಲ್ಲಿ ನೀನು ಶ್ರುತಿ ಇಳಿಸ್ಬಿಟ್ಟೆ ಜಯ. ನಾನು ಯಾವತ್ತೂ ಹಂಗೆ ಹಾಡಿಲ್ಲ. ನನ್ನ ಹೆಸರು ಕೆಡಿಸ್ಬೇಡ."

ಜಯಕರ್ ಮುಖ ನೀವು ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. "ಮುಂದಿನ ವಾರ ಸರಿಮಾಡ್ತೀನಿ ಅಣ್ಣ," ಅಂದರು.

ಈಗ ದಿನಾ ಬೆಳಗ್ಗೆ ಟೆರೇಸಿನಿಂದ ಆ ಕೊನೆಯ ಚರಣ ಮಾತ್ರ ಕೇಳಿಬರುತ್ತಿದೆ. ಮತ್ತೆ ಮತ್ತೆ ಅದೇ. ಯಾವ ರಾಗ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಲೆ ಆರಿಸಿ, ಕಿಟಕಿಗೆ ಕಿವಿ ಕೊಟ್ಟು ಕಚ್ಚಾಡುವುದು ಒಂದೇ ಮಾತಿಗೆ: ಇವತ್ತು ಶ್ರುತಿ ಇಳಿಯಿತೋ, ಇಲ್ಲವೋ?